ಗೋರಿ ಅಗೆಯೋದಕ್ಕಿಂತ ತಣ್ಣಗಿಡೋಣ

ರಷ್ಯಾ, ಮಂಗೋಲಿಯಾ, ಚೀನಾ, ಕಜಾಕಿಸ್ತಾನ ನಾಲ್ಕೂ ಸೇರುವ ಮೂಲೆಯಲ್ಲಿ ಉಕೋಕ್ ಅನ್ನೋ ಪ್ರಸ್ಥಭೂಮಿ ಇದೆ. 1993ರಲ್ಲಿ ನತಾಲಿಯಾ ಪೊಲೊಸ್ಮಾಕ್ ಅವರ ತಂಡ ಅಲ್ಲಿನ ಒಂದು ಕುರ್ಗಾನ್, ಅಂದ್ರೆ ಗೋರಿದಿಬ್ಬ, ಅಗೆದಾಗ ಮಂಜುಗಡ್ಡೆಯೊಳಗೆ ಒಬ್ಬ ಹೆಣ್ಣುಮಗಳು ಸಿಕ್ಕಳು. ಸಾಯುವಾಗ ವಯಸ್ಸು ಸುಮಾರು 25. ಜೊತೆಗೆ ಆರು ಕುದುರೆ. ಎರಡು ಸಾವಿರ ವರ್ಷ ಕಳೆದು ಮೇಲಾಗಿದ್ರೂ ಭುಜದ ಮೇಲಿನ ಜಿಂಕೆ ಹಚ್ಚೆ ಅಳಿಸಿರಲಿಲ್ಲ.

ಇದರ ಹಿಂದೆ ಪವಾಡ ಏನಿಲ್ಲ, ನಾವು ಪರೀಕ್ಷೆ ಮುಗಿದ ಕೂಡಲೇ ಮರೆಯೋ ಹೀಟ್ ಟ್ರಾನ್ಸ್‌ಫರ್ ಅಷ್ಟೆ. ಚಳಿಗಾಲದಲ್ಲಿ ದಿಬ್ಬದ ಕಲ್ಲುಗಳ ಸಂದಿಯಲ್ಲಿ ತಣ್ಣನೆ ಗಾಳಿ ಇಳಿಯುತ್ತೆ; ಬೇಸಿಗೆಯಲ್ಲಿ ಅದೇ ಕಲ್ಲು ನೆಲಕ್ಕೆ ನೆರಳು. ಒಳಗೆ ಜಿನುಗಿದ ನೀರು ಹೆಪ್ಪುಗಟ್ಟಿದ್ದು ಕರಗಲೇ ಇಲ್ಲ. ಅದೇ ಅಲ್ತಾಯ್ ಸೀಮೆಯ ಪಜಿರಿಕ್‌ನಲ್ಲಿ ಇನ್ನೂ ತಮಾಷೆ: ಕಳ್ಳರು ಕೊರೆದ ಕಿಂಡಿಯಿಂದಲೇ ನೀರು ಇಳಿದು ಹೆಪ್ಪುಗಟ್ಟಿ, ಅವರು ಬಿಟ್ಟುಹೋದ ರತ್ನಗಂಬಳಿ ಉಳೀತು. ಈಗ ಅದು ಹರ್ಮಿಟೇಜ್ ಮ್ಯೂಸಿಯಂನಲ್ಲಿದೆ.

ಈಗ ನೆಲ ಬಿಸಿಯಾಗ್ತಿದೆ. ‘ಕರಗೋ ಮುಂಚೆ ಬೇಗ ಅಗೆದುಬಿಡಿ’ ಅನ್ನೋ ವಾದ ಕೇಳೋಕೆ ಸರಿಯಾಗೇ ಇದೆ. ಆದ್ರೆ ನಾವು ಒಪ್ಪಲ್ಲ. ಆ ಹೆಣ್ಣುಮಗಳನ್ನು ನೊವೊಸಿಬಿರ್ಸ್ಕ್‌ಗೆ ಒಯ್ದಾಗ ಅಲ್ತಾಯ್ ಜನ ವಿರೋಧಿಸಿದ್ರು. 2003ರ ಭೂಕಂಪಕ್ಕೂ ಅದೇ ಕಾರಣ ಅಂದ್ರು. ಭೂಕಂಪದ ಮಾತಿಗೆ ನಾವೂ ನಕ್ಕಿದ್ವಿ. ಆದ್ರೆ ‘ನಮ್ಮ ಅಜ್ಜಿಯನ್ನು ಯಾರನ್ನು ಕೇಳಿ ಎತ್ತಿದ್ರಿ’ ಅನ್ನೋ ಸಂಕಟಕ್ಕೆ ನಗೋಕಾಗಲ್ಲ. 2012ರಲ್ಲಿ ಅವಳು ಗೋರ್ನೊ-ಅಲ್ತಾಯಸ್ಕ್‌ಗೆ ವಾಪಸ್ ಬಂದಳು, ಮಣ್ಣಿಗಲ್ಲ, ಮ್ಯೂಸಿಯಂಗೆ.

ಗೋರಿಯನ್ನೇ ತಣ್ಣಗಿಡಬಹುದಲ್ಲ? ಅಲಾಸ್ಕಾದ ತೈಲ ಪೈಪ್‌ಲೈನ್ ಕಂಬಗಳಲ್ಲಿ ಥರ್ಮೋಸೈಫನ್ ಇದೆ: ಮುಚ್ಚಿದ ಕೊಳವೆ, ಒಳಗೆ ಅಮೋನಿಯಾ. ಕೆಳಗೆ ನೆಲದ ಶಾಖ ಹೀರಿ ಆವಿಯಾಗುತ್ತೆ, ಮೇಲೆ ಚಳಿಗೆ ದ್ರವವಾಗಿ ಇಳಿಯುತ್ತೆ. ಕರೆಂಟ್ ಬೇಡ, ಪಂಪ್ ಬೇಡ. ಬೇಸಿಗೆಯಲ್ಲಿ ತಾನೇ ನಿಲ್ಲುತ್ತೆ, ಶಾಖ ಒಳಗೆ ಬಿಡಲ್ಲ. ತೈಲದ ಕೊಳವೆ ಕುಸಿಯದಂತೆ ಇಂಥವನ್ನು ಲಕ್ಷಕ್ಕೂ ಮೇಲೆ ನೆಟ್ಟಿದ್ದಾರೆ. ನಾಲ್ಕು ಗೋರಿಗೆ ದುಡ್ಡಿಲ್ಲ ಅಂದ್ರೆ ನಂಬೋದು ಕಷ್ಟ.

ತೊಡಕು ಇದೆ, ಒಪ್ತೀವಿ. ಎಲ್ಲ ದಿಬ್ಬಕ್ಕೂ ಕೊಳವೆ ಹಾಕೋಕಾಗಲ್ಲ. ಯಾವುದರೊಳಗೆ ಇನ್ನೂ ಮಂಜು ಉಳಿದಿದೆ ಅಂತ ಅಗೆಯದೇ ಮೊದಲು ಪತ್ತೆ ಮಾಡಬೇಕು. ಮತ್ತೆ, ಪವಿತ್ರ ಜಾಗದ ಸುತ್ತ ಲೋಹದ ಕೊಳವೆ ನಿಲ್ಲೋದು ಅಲ್ಲಿನವರಿಗೆ ಸರಿ ಕಾಣ್ದೆಯೂ ಇರಬಹುದು. ಡ್ರಾಯಿಂಗ್ ಬರೆಯೋಕೆ ಮುಂಚೆ ಈ ಸಲವಾದ್ರೂ ಅವರನ್ನ ಕೇಳಬೇಕು.