ಮೇಜು ಯಾರದ್ದಾದರೇನು, ವಾಕ್ಯ ನಮ್ಮದಿರಲಿ

ವಿಶಾಖಪಟ್ಟಣದ ಆಂಧ್ರ ವಿಶ್ವವಿದ್ಯಾಲಯಕ್ಕೆ ಓದಲು ಬಂದಿದ್ದ ತಾಂಜಾನಿಯಾದ ಹುಡುಗನೊಬ್ಬ ತನ್ನ ರೂಮಿಗೆ ಕರೆದು ‘ಚಾಯ್ ಇಕೋ ಮೇಜಾನಿ’ ಎಂದ. ಸ್ವಾಹಿಲಿಯ ಗಂಧಗಾಳಿಯಿಲ್ಲದ ನನಗೂ ಅರ್ಥವಾಯಿತು: ಚಹಾ ಮೇಜಿನ ಮೇಲಿದೆ.

ಇದರಲ್ಲಿ ಪವಾಡವೇನಿಲ್ಲ. 1498ರಲ್ಲಿ ವಾಸ್ಕೋ ಡ ಗಾಮನ ಹಡಗುಗಳು ಮೊಂಬಾಸಾ, ಮಾಲಿಂದಿಗಳನ್ನು ಮುಟ್ಟಿಕೊಂಡೇ ಕಲ್ಲಿಕೋಟೆಗೆ ಬಂದವು. ಪೋರ್ಚುಗೀಸರ ‘ಮೇಸಾ’ ಆ ಕರಾವಳಿಯಲ್ಲಿ ‘ಮೇಜಾ’ ಆಯಿತು. ನಮ್ಮ ‘ಮೇಜು’ ನೇರವಾಗಿ ಅವರಿಂದ ಬಂತೋ, ಪಾರಸಿಯ ‘ಮೇಜ್’ ಮೂಲಕ ಬಂತೋ ಎಂಬ ಚರ್ಚೆಯಿದೆ. ಅಚ್ಚಗನ್ನಡವಂತೂ ಅಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಪದವಲ್ಲ, ಅದರ ಬಾಲ. ಆ ‘ನಿ’ ಸ್ವಾಹಿಲಿಯ ಸ್ವಂತದ್ದು. ನಮ್ಮ ‘ಅಲ್ಲಿ’ಯ ಕೆಲಸ ಮಾಡುತ್ತದೆ. ಊಟಕ್ಕೆ ಕರೆಯುವಾಗ ‘ಕರೀಬು ಮೇಜಾನಿ’ ಎನ್ನುತ್ತಾರೆ. ಅರಬ್ಬಿಯ ‘ಕಿತಾಬ್’ ಅವರಲ್ಲಿ ‘ಕಿತಾಬು’ ಆಯಿತು. ಮೊದಲಿನ ‘ಕಿ’ ತಮ್ಮದೇ ಪ್ರತ್ಯಯವೆಂಬಂತೆ ಬಹುವಚನಕ್ಕೆ ‘ವಿತಾಬು’ ಎಂದರು. ತಂದದ್ದನ್ನು ಹೀಗೆ ದಕ್ಕಿಸಿಕೊಳ್ಳುವುದೇ ಭಾಷೆಯ ಜೀವ.

ಈಗ ವಿಜಯವಾಡಕ್ಕೆ ಬನ್ನಿ. ನಾನು ಬಲ್ಲ ಕನ್ನಡದ ಮನೆಯೊಂದರಲ್ಲಿ ಮಗುವಿಗೆ ಚಿತ್ರದ ಕಾರ್ಡು ತೋರಿಸಿ ‘ಮೇಜು, ಕುರ್ಚಿ, ಕಿಟಕಿ’ ಎಂದು ಕಲಿಸುತ್ತಾರೆ. ಮಗು ಗಿಳಿಯಂತೆ ಒಪ್ಪಿಸುತ್ತದೆ. ತಟ್ಟೆ ಎಲ್ಲಿಟ್ಟೆ ಎಂದರೆ ಮಾತ್ರ, ‘ಮೇಜು ಮೀದ ಪೆಟ್ಟಾನು’ ಎನ್ನುತ್ತದೆ. ಪದ ಕನ್ನಡದ್ದೆಂದು ಅಜ್ಜಿಗೆ ಹಿಗ್ಗು. ಆದರೆ ಅದು ತೆಲುಗು ವಾಕ್ಯ. ‘ಟೇಬಲ್ಲಿನ ಮೇಲೆ ಇಟ್ಟೆ’ ಎಂದಿದ್ದರೆ ಇಂಗ್ಲಿಷ್ ಪದವಿದ್ದರೂ ಅದು ಕನ್ನಡವೇ.

ಮಗು ತೆಲುಗು ಆಡುವುದು ತಪ್ಪಲ್ಲ. ಆ ಊರಲ್ಲಿ ಬದುಕುವವರು ತೆಲುಗು ಕಲಿಯಲೇಬೇಕು. ನನ್ನ ತಕರಾರು ನಮ್ಮ ಕಲಿಸುವ ಕ್ರಮದ ಮೇಲೆ. ನಾಮಪದಗಳ ಪಟ್ಟಿಯನ್ನೇ ಭಾಷೆಯೆಂದುಕೊಂಡು, ‘ಟೇಬಲ್ ಅನ್ನಬೇಡ’ ಎಂದು ಗದರಿ, ವಿಭಕ್ತಿ ಕ್ರಿಯಾಪದಗಳು ಸೋರಿಹೋಗುವುದನ್ನು ಗಮನಿಸದೇ ಕೂರುತ್ತೇವೆ. ಮೊರ, ಒರಳಿನಂಥ ಪದಗಳು ಕಳೆದರೆ ನಷ್ಟವೇ, ನಿಜ. ಆದರೆ ಒಂದು ಪದ ಹೋದರೆ ಇನ್ನೊಂದನ್ನು ತರಬಹುದು. ‘ಇಂದ’, ‘ಗೆ’, ‘ಅಲ್ಲಿ’ಗಳನ್ನು ಯಾವ ಹಡಗೂ ತಂದುಕೊಡುವುದಿಲ್ಲ.

ಪರಿಹಾರಕ್ಕೆ ಕಾರ್ಡು ಬೇಡ, ಆ್ಯಪೂ ಬೇಡ. ವಾರಕ್ಕೊಂದು ಮನೆಯ ವಸ್ತು ಹಿಡಿದು ದಿನವಿಡೀ ಆಡಿ. ಮೇಜನ್ನು ಒರೆಸು. ಮೇಜಿಗೆ ಒರಗಬೇಡ. ಮೇಜಿನಿಂದ ಇಳಿ. ಮೇಜಿನ ಕೆಳಗೆ ಏನೋ ಬಿತ್ತು, ನೋಡು. ನಾಲ್ಕು ಮಾತಿನಲ್ಲಿ ನಾಲ್ಕು ವಿಭಕ್ತಿ ಬಂದುಹೋದವು. ವ್ಯಾಕರಣ ಕಲಿತೆನೆಂದು ಮಗುವಿಗೆ ಗೊತ್ತೂ ಆಗಲಿಲ್ಲ.