ಸರ್ ತಪ್ಪಿದರೆ ನಗಬೇಕೆ?

ಹಲವು ವರ್ಷ ಸಿ ಪ್ಲಸ್ ಪ್ಲಸ್ ಕಲಿಸಿದ ನಮ್ಮ ಕಂಪ್ಯೂಟರ್ ಸರ್ ಈಗ ಪೈಥಾನ್ ಕಲಿಸುತ್ತಿದ್ದಾರೆ. ಮೊನ್ನೆ ಲ್ಯಾಬಿನಲ್ಲಿ, 7ನ್ನು 2ರಿಂದ ಭಾಗಿಸಿದರೆ 3 ಬರುತ್ತದೆ ಎಂದರು. ಕಂಪ್ಯೂಟರಿನಲ್ಲಿ 3.5 ಬಂತು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಸರ್ ಹೇಳಿದ್ದು ಸಿ ಪ್ಲಸ್ ಪ್ಲಸ್‌ನಲ್ಲಿ ಸರಿಯೇ. ಅಲ್ಲಿ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ದಶಮಾಂಶ ಬಿಟ್ಟುಹೋಗುತ್ತದೆ. ಪೈಥಾನ್‌ನಲ್ಲೂ ಮೊದಲು ಹಾಗೇ ಇತ್ತು. 2008ರಲ್ಲಿ ಬಂದ ಪೈಥಾನ್ 3 ಅದನ್ನು ಬದಲಿಸಿತು. ಪೈಥಾನ್ ಬಲ್ಲವರೇ ಮತ್ತೆ ಕಲಿಯಬೇಕಾಯಿತು.

ಏನೂ ತಿಳಿಯದ ನಮಗೆ ಕಲಿಯುವುದೊಂದೇ ಕೆಲಸ. ತಿಳಿದವರಿಗೆ ಹಳೆಯ ಅಭ್ಯಾಸ ಬಿಡುವ ಕೆಲಸವೂ ಇದೆ. ಉರ್ದುವಿನಲ್ಲಿ ಕಿತಾಬ್ ಸ್ತ್ರೀಲಿಂಗ. ಮನೆಯಲ್ಲಿ ಉರ್ದು ಮಾತಾಡುವ ನಾನು ಐದನೇ ಕ್ಲಾಸಿನಲ್ಲಿ ‘ಪುಸ್ತಕ ಕಳೆದುಹೋದಳು’ ಎಂದಿದ್ದೆ. ಕ್ಲಾಸೇ ನಕ್ಕಿತು. ಆಮೇಲೆ ಎಷ್ಟೋ ದಿನ ಕನ್ನಡದಲ್ಲಿ ಬಾಯಿ ಬಿಡಲಿಲ್ಲ.

ಸರ್ ಹಾಗೆ ಸುಮ್ಮನಾಗಲಿಲ್ಲ. ಪೈಥಾನ್‌ನಲ್ಲಿ 3 ಬೇಕಿದ್ದರೆ ಎರಡು ಓರೆಗೆರೆ ಹಾಕಬೇಕೆಂದು ನೋಡಿ ತಿಳಿದು, ನಮ್ಮೆದುರೇ ಬೋರ್ಡಿನಲ್ಲಿ ತಿದ್ದಿದರು. ಪಾಲುದಾರರಿಗೆ ಲಾಭ ಹಂಚುವ ಲೆಕ್ಕ ಮಾಡುವ ನಮಗೆ ಆ ಅರ್ಧದ ಬೆಲೆ ಗೊತ್ತಿರಬೇಕಿತ್ತು.

ನಮ್ಮ ನಗುವಿಗೆ ಹೆದರಿ ಕಲಿಸುವವರು ಕಲಿಯುವುದನ್ನೇ ನಿಲ್ಲಿಸಿದರೆ ನಷ್ಟ ನಮಗೇ. ಸರ್, ಅಂದು ನಕ್ಕಿದ್ದಕ್ಕೆ ಕ್ಷಮಿಸಿ.