ಅರ್ಧ ಪುಟದ ಸುಳ್ಳು

ನಮ್ಮದು ಧಾರವಾಡದಲ್ಲಿ 1983ರಲ್ಲಿ ಬಿ.ಕಾಂ. ಮುಗಿಸಿದ ತಂಡ. ನಲವತ್ತು ವರ್ಷ ತುಂಬಿದ ನೆಪದಲ್ಲಿ 2023ರ ಆಗಸ್ಟಿನಲ್ಲಿ ಒಂದು ನೆನಪಿನ ಸಂಚಿಕೆ ತಂದೆವು. ಒಬ್ಬೊಬ್ಬರಿಗೆ ಅರ್ಧ ಪುಟ, ಜೊತೆಗೊಂದು ಫೋಟೊ. ಮೊನ್ನೆ ಕಪಾಟು ಸ್ವಚ್ಛ ಮಾಡುವಾಗ ಅದು ಸಿಕ್ಕಿತು, ಕೂತು ಪೂರ್ತಿ ಓದಿದೆ. ಮೂವತ್ತೆಂಟು ಸಹಪಾಠಿಗಳ ಬಗ್ಗೆ ನನಗೆ ತಿಳಿದದ್ದು ಒಂದೇ: ಅವರ ಮಕ್ಕಳು ಎಲ್ಲೆಲ್ಲಿದ್ದಾರೆ.

ಮಗ ಡಲ್ಲಾಸಿನಲ್ಲಿ, ಸೊಸೆಯೂ ಇಂಜಿನಿಯರು. ಚಾರ್‌ಧಾಮ ಆಯಿತು, ಯುರೋಪು ಆಯಿತು. ದೇವರ ದಯೆಯಿಂದ ಎಲ್ಲ ಕ್ಷೇಮ. ಥೇಟ್ ವಧೂವರರ ಬಯೋಡೇಟಾ. ನನ್ನದೂ ಬೇರೆಯಲ್ಲ: ಕೋಥ್ರೂಡದ ಫ್ಲ್ಯಾಟು, ಹೈದರಾಬಾದಿನ ಮಗಳು, ಮೊಮ್ಮಗನ ಜಾಣತನ. ಅದನ್ನು ಬರೆಯುವಾಗ ಎದೆಯಲ್ಲಿ ಎರಡು ಸ್ಟೆಂಟು ಕೂತು ಎಂಟು ತಿಂಗಳಾಗಿತ್ತು. ಅದರ ಸುದ್ದಿಯೇ ಇಲ್ಲ.

ಜಂಬ ಕೊಚ್ಚಿಕೊಂಡರೆ ಯಾರಿಗೇನು ನಷ್ಟ ಎಂದು ಕೇಳುವವರಿದ್ದಾರೆ. ನಷ್ಟವಾಗಿದೆ. ಎಷ್ಟೆಂದು ಹೇಳುತ್ತೇನೆ.

ನನ್ನ ಬೆಂಚಿನ ಗೆಳೆಯನೊಬ್ಬ ಭೋಸರಿಯಲ್ಲಿದ್ದ. ನನ್ನ ಮನೆಯಿಂದ ಇಪ್ಪತ್ತು ಕಿಲೋಮೀಟರ್. ಸಂಚಿಕೆಗಾಗಿ ಫೋನ್ ಮಾಡಿದಾಗ, "ಬರಿಯೂವಂಥಾದ್ದು ಏನೈತೋ ನನ್ನ ಹತ್ರ? ಹೆಸರು ಹಾಕು, ಸಾಕು" ಅಂದ. ನಾನು ಒತ್ತಾಯ ಮಾಡಲಿಲ್ಲ. "ಭೋಸರಿಯಲ್ಲಿ ನೆಲೆಸಿದ್ದಾರೆ" ಎಂದು ಎರಡು ಪದ ಹಾಕಿದೆವು. ಮರುವರ್ಷ ತೀರಿಕೊಂಡ. ನಮಗೆ ಗೊತ್ತಾದದ್ದು ಹದಿನೇಳು ದಿನದ ಮೇಲೆ. ಗುಂಪಿನ ತುಂಬ ಕೈಮುಗಿದ ಚಿತ್ರಗಳು. ಅವನ ಮನೆಯ ಮೆಟ್ಟಿಲನ್ನು ನಾನು ಮೊದಲ ಸಲ ಹತ್ತಿದ್ದು ಆಗ.

ವೈನಿ ಹೇಳಿದರು: 2020ರಲ್ಲಿ ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ಪಿಂಚಣಿ ಅಂತ ಬರುತ್ತಿದ್ದದ್ದು ಮೂರು ಸಾವಿರದ ಮೇಲೆ ಚಿಲ್ಲರೆ. ಕೊನೆಯವರೆಗೂ ಒಂದು ಸಗಟು ಅಂಗಡಿಯ ಲೆಕ್ಕ ಬರೆಯುತ್ತಿದ್ದ. ಬ್ಯಾಂಕಿನಿಂದಲೋ ಸರಕಾರದಿಂದಲೋ ನಿವೃತ್ತರಾದವರಿಗೆ ಈ ಅಂಕಿ ನಂಬಲಾಗದು. ಅವರ ಪಿಂಚಣಿಗೆ ತುಟ್ಟಿಭತ್ಯೆ ಸೇರುತ್ತದೆ. ಖಾಸಗಿಯವರಿಗೆ 1995ರ ಯೋಜನೆ: ಪಿಂಚಣಿಗೆ ಹಿಡಿಯುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. ಆ ಸಂಬಳಕ್ಕೂ ಮಿತಿ. ಬಹುಕಾಲ 6,500, 2014ರ ಸೆಪ್ಟೆಂಬರಿನಿಂದ 15,000. ಒಂದು ಸಲ ನಿಗದಿಯಾದದ್ದು ಬೆಲೆಯೇರಿಕೆಯ ಜೊತೆ ಏರುವುದಿಲ್ಲ. ಒಂದೇ ಬೆಂಚಿನಲ್ಲಿ ಕೂತವರ ಮುಪ್ಪು ಇಷ್ಟು ಬೇರೆ.

ಈಗ ನನ್ನನ್ನು ನಿದ್ದೆಗೆಡಿಸುವ ಸಂಗತಿ. ಸುಪ್ರೀಂ ಕೋರ್ಟು 2022ರ ನವೆಂಬರ್ 4ರಂದು ತೀರ್ಪು ಕೊಟ್ಟಿತು. 2014ರ ಸೆಪ್ಟೆಂಬರ್ 1ರಂದು ಕೆಲಸದಲ್ಲಿದ್ದು, ಮಿತಿ ಮೀರಿದ ಸಂಬಳದ ಮೇಲೆ ಭವಿಷ್ಯನಿಧಿ ಕಟ್ಟಿದ್ದವರಿಗೆ ಹೆಚ್ಚಿನ ಪಿಂಚಣಿ ಕೇಳುವ ಅವಕಾಶ ಸಿಕ್ಕಿತು. ಅರ್ಜಿಯ ಗಡುವು ಮುಂದೆ ಮುಂದೆ ಹೋಗಿ 2023ರ ಜುಲೈ 11ಕ್ಕೆ ನಿಂತಿತು. ಅಂದರೆ ನಾವು ಸಂಚಿಕೆಗೆ ಬರಹ ಕೂಡಿಸುತ್ತಿದ್ದ ಅದೇ ತಿಂಗಳುಗಳು! ಅವನ ಕಂಪನಿ ಪೂರ್ತಿ ಸಂಬಳದ ಮೇಲೆ ಕಟ್ಟುತ್ತಿತ್ತು, ಚೀಟಿಗಳನ್ನು ನಾನೇ ನೋಡಿದೆ. ನಮ್ಮ ಗುಂಪಿನ ಇಬ್ಬರು ಅರ್ಜಿ ಹಾಕಿದ್ದರು, ಆಮೇಲೆ ತಿಳಿಯಿತು. ಅವರ ಅರ್ಧ ಪುಟದಲ್ಲಿ ಇರುವುದು ಕೇದಾರನಾಥ. ವ್ಯತ್ಯಾಸದ ಹಣ ಬಡ್ಡಿಸಮೇತ ತುಂಬಬೇಕಿತ್ತು. ಅವನಿಗೆ ಆಗುತ್ತಿತ್ತೋ ಇಲ್ಲವೋ. ಆದರೆ ಹೀಗೊಂದಿದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ. ಹೇಳಿಕೇಳಿ ಕಾಮರ್ಸ್ ಓದಿದವರು ನಾವು.

"ನೋವು ಎಲ್ಲರ ಮನೆಯಲ್ಲೂ ಇದೆ, ಇಲ್ಲಾದರೂ ನಗೋಣ" ಎಂಬ ಮಾತು ಗುಂಪಿನಲ್ಲಿ ಪದೇಪದೇ ಬರುತ್ತದೆ. ಹೇಳುವವರು ಯಾರೆಂದು ಗಮನಿಸಿ. ನಗಲು ಕಾರಣ ಇರುವವರು. ಉಳಿದವರು ಓದುತ್ತಾರೆ, ಹೆಬ್ಬೆರಳು ಒತ್ತುತ್ತಾರೆ, ಸುಮ್ಮನಾಗುತ್ತಾರೆ. ಯಾರೂ ಅವರನ್ನು ಹೊರಹಾಕಿಲ್ಲ, ನಿಜ. ಬರೆಯಲು ಯೋಗ್ಯವಾದದ್ದು ಯಾವುದು ಎಂದು ನಾವು ತೀರ್ಮಾನಿಸಿಬಿಟ್ಟೆವು, ಅಷ್ಟೇ ಸಾಕಾಯಿತು.

ಹುಡುಗಿಯರ ಮಾತಂತೂ ಕೇಳಬೇಡಿ. ಹನ್ನೊಂದು ಜನರಲ್ಲಿ ಸಂಚಿಕೆಗೆ ಸಿಕ್ಕವರು ಮೂವರು. ಮದುವೆಯಾಗಿ ಅಡ್ಡಹೆಸರು ಬದಲಾದ ಉಳಿದವರನ್ನು ಹುಡುಕಲು ನಾವು ಪಟ್ಟ ಕಷ್ಟ ಊಟದ ಮೆನು ಚರ್ಚಿಸಲು ಪಟ್ಟದ್ದಕ್ಕಿಂತ ಕಡಿಮೆ. ಸಿಕ್ಕ ಮೂವರಲ್ಲಿ ಒಬ್ಬರು ಗಂಡನ ಹುದ್ದೆಯನ್ನು ನಾಲ್ಕು ಸಾಲು ಬರೆದು, ತಮ್ಮ ಬಗ್ಗೆ "ಗೃಹಿಣಿ" ಎಂದಿದ್ದಾರೆ. ಮೂರು ವರ್ಷವೂ ಅಕೌಂಟೆನ್ಸಿಯಲ್ಲಿ ನಮಗಿಂತ ಮುಂದಿದ್ದವರು ಅವರೇ.

2028ಕ್ಕೆ ಇನ್ನೊಂದು ಸಂಚಿಕೆ ತರಬೇಕೆಂದು ಮಾತು ಶುರುವಾಗಿದೆ. ನನ್ನ ಅರ್ಧ ಪುಟವನ್ನು ಈಗಲೇ ಗುಂಪಿಗೆ ಕಳಿಸಿದ್ದೇನೆ. ಸ್ಟೆಂಟು ಎರಡು, ದಿನಕ್ಕೆ ಐದು ಮಾತ್ರೆ. ಮಗಳ ಫೋನು ವಾರಕ್ಕೊಮ್ಮೆ. ಪಿಂಚಣಿ ಎಷ್ಟೆಂಬುದನ್ನು ರೂಪಾಯಿಯಲ್ಲೇ ಬರೆದಿದ್ದೇನೆ. ಒಬ್ಬ "ಇದೆಲ್ಲಾ ಯಾಕೋ ಮಾರಾಯಾ" ಎಂದು ಕೇಳಿಯೂ ಆಯಿತು. ಭವಿಷ್ಯನಿಧಿ ಕಚೇರಿಗೆ ಓಡಾಡಿ ವೈನಿಯ ವಿಧವಾ ಪಿಂಚಣಿ, ಅಂದರೆ ಅವನದರ ಅರ್ಧ, ಸರಿಮಾಡಿಸಿದ್ದೇನೆ. ಹಾಗಾಗಿ ಯಾವ ಕಾಗದ ಎಲ್ಲಿ ಕೊಡಬೇಕು ಎಂಬುದು ಈಗ ನನಗೆ ಗೊತ್ತು. ಮಧ್ಯಾಹ್ನ ನಾಲ್ಕರಿಂದ ಆರರವರೆಗೆ ನನಗೆ ಕೆಲಸವಿಲ್ಲ. ಫೋನು ಹತ್ತಿರವೇ ಇರುತ್ತದೆ.